ಬೀಗ ಹಾಕಿದ ಡೇಟಾದಲ್ಲಿ ಹುಡುಕಾಟ: ಯಾವ ದಾರಿಯಲ್ಲಿ ಎಷ್ಟು ಸೋರುತ್ತದೆ?

ಒಂದು ಲಕ್ಷ ರೋಗಿಗಳ ದಾಖಲೆ ಇರುವ ಟೇಬಲ್ ಊಹಿಸಿಕೊಳ್ಳಿ. ರಕ್ತದ ಗುಂಪಿನ ಕಾಲಮ್ ಎನ್‌ಕ್ರಿಪ್ಟ್ ಆಗಿದೆ, ಅಂದರೆ ಕೀ ಇಲ್ಲದವರು ಓದಲಾಗದ ಹಾಗೆ ಬೀಗ ಹಾಕಿದೆ. ತೆರೆದರೆ ತಲೆಬುಡ ಗೊತ್ತಾಗದ ಅಕ್ಷರಗಳು. ಆದರೆ ಸ್ವಲ್ಪ ಹೊತ್ತು ನೋಡುತ್ತಾ ಹೋದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ಇಡೀ ಕಾಲಮ್‌ನಲ್ಲಿ ಇರುವುದು ಎಂಟೇ ಎಂಟು ಬಗೆಯ ಅಕ್ಷರಸಾಲು, ಅವೇ ಮತ್ತೆ ಮತ್ತೆ ಬರುತ್ತಿವೆ. ಅತಿ ಕಡಿಮೆ ಸಲ ಬಂದಿರುವುದು ಎಬಿ ನೆಗೆಟಿವ್ ಇರಬೇಕು ಅಂತ ಊಹಿಸಲು ಕೀ ಬೇಕೇ? ಬೇಡ. ಎಣಿಸಲು ಬಂದರೆ ಸಾಕು.

ಎನ್‌ಕ್ರಿಪ್ಷನ್ ಮಾಡಿದವರು ತಪ್ಪು ಮಾಡಿಲ್ಲ. ಅಲ್ಗಾರಿದಮ್ ಗಟ್ಟಿಯಾಗಿಯೇ ಇದೆ. ಆದರೆ ಅವರಿಗೆ ಆ ಕಾಲಮ್‌ನಲ್ಲಿ ಹುಡುಕಬೇಕಿತ್ತು. ಹುಡುಕಬೇಕು ಅಂದರೆ ಯಾವ ಸಾಲು ಯಾವುದಕ್ಕೆ ಹೊಂದುತ್ತದೆ ಅನ್ನುವ ಸುಳಿವು ಸರ್ವರ್‌ಗೆ ಸಿಗಬೇಕು. ಸರ್ವರ್‌ಗೆ ಸಿಕ್ಕ ಸುಳಿವು ಸರ್ವರ್ ಕದ್ದವನಿಗೂ ಸಿಗುತ್ತದೆ. ಈ ಸುಳಿವನ್ನೇ ಈ ಕೆಲಸದವರು ಸೋರಿಕೆ ಅನ್ನುತ್ತಾರೆ. ಮಾರುವವರ ಪುಟದಲ್ಲಿ 'ಎನ್‌ಕ್ರಿಪ್ಟ್ ಆಗಿದ್ದರೂ ಹುಡುಕಬಹುದು' ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಏನು ಸೋರುತ್ತದೆ ಅನ್ನುವುದನ್ನು ನಾವೇ ಕೇಳಬೇಕು. ಇಲ್ಲಿ ನಾನು ಹೋಲಿಸುತ್ತಿರುವುದು ಅದನ್ನೇ. ವೇಗ, ಖರ್ಚು ಎಲ್ಲ ಆಮೇಲೆ.

ಮೊದಲು ಕಳ್ಳ ಯಾರು ಅಂತ ಹೇಳಿ

ಈ ಪ್ರಶ್ನೆಗೆ ಉತ್ತರ ಇಲ್ಲದೆ ಯಾವ ಹೋಲಿಕೆಯೂ ನಿಲ್ಲುವುದಿಲ್ಲ. ನನ್ನ ಲೆಕ್ಕದಲ್ಲಿ ಮೂರು ಬಗೆಯವರು.

ಒಬ್ಬ, ಡೇಟಾಬೇಸ್‌ನ ಒಂದು ಪ್ರತಿಯನ್ನು ಎತ್ತಿಕೊಂಡು ಹೋಗುವವನು. ಬ್ಯಾಕಪ್ ಫೈಲ್ ಎಲ್ಲೋ ತೆರೆದೇ ಬಿದ್ದಿತ್ತು, ಸಿಕ್ಕಿತು, ಹೋದ. ಇನ್ನೊಬ್ಬ, ಸರ್ವರ್ ಒಳಗೇ ಕೂತು ದಿನಗಟ್ಟಲೆ ನೋಡುವವನು. ಯಾವ ಹುಡುಕಾಟ ಬಂತು, ಯಾವ ಸಾಲುಗಳು ಹೊರಗೆ ಹೋದವು, ಎಷ್ಟು ಹೋದವು, ಎಲ್ಲ ಗಮನಿಸುತ್ತಾನೆ. ಕ್ಲೌಡ್ ಕಂಪನಿಯ ಒಳಗಿನವನೇ ಆಗಿರಬಹುದು, ಬೇರು ಬಿಟ್ಟ ಹ್ಯಾಕರ್ ಆಗಿರಬಹುದು. ಮೂರನೆಯವನು ನೋಡುವುದರ ಜೊತೆಗೆ ನಿಮ್ಮ ಡೇಟಾಗೆ ತನ್ನದನ್ನೂ ಸೇರಿಸುತ್ತಾನೆ. ಅದು ಹೇಗೆ ಸಾಧ್ಯ ಅಂತೀರಾ? ನಿಮಗೆ ಒಂದು ಇಮೇಲ್ ಕಳಿಸಿದರೆ ಸಾಕು, ಅದು ನಿಮ್ಮ ಮೇಲ್‌ಬಾಕ್ಸ್‌ನ ಇಂಡೆಕ್ಸ್ (ಹುಡುಕಲೆಂದು ಕಟ್ಟಿದ ಪದಸೂಚಿ) ಒಳಗೆ ತಾನಾಗಿಯೇ ಹೋಗಿ ಕೂರುತ್ತದೆ.

ಮೊದಲನೆಯವನನ್ನು ತಡೆಯಲು ಹಲವು ದಾರಿಗಳಿವೆ. ಎರಡನೆಯವನ ಮುಂದೆ ಅವುಗಳಲ್ಲಿ ಅರ್ಧ ಬಿದ್ದುಹೋಗುತ್ತವೆ.

ಡಿಸ್ಕ್‌ಗೆ ಮಾತ್ರ ಬೀಗ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಿಸ್ಕ್ ಮೇಲೆ ಎನ್‌ಕ್ರಿಪ್ಟ್ ಆಗಿರುತ್ತದೆ, ಡೇಟಾಬೇಸ್ ಓಡುವಾಗ ಸರ್ವರೇ ಬೀಗ ತೆಗೆದು ಓದುತ್ತದೆ. ಹುಡುಕಾಟಕ್ಕೆ ಏನೂ ತೊಂದರೆ ಇಲ್ಲ, ಯಾಕೆಂದರೆ ಸರ್ವರ್‌ಗೆ ಎಲ್ಲವೂ ಕಾಣುತ್ತಿದೆ. ಹಾರ್ಡ್ ಡಿಸ್ಕ್ ಕದ್ದವನಿಗೆ ಏನೂ ಸಿಗುವುದಿಲ್ಲ, ಸರ್ವರ್ ಒಳಗೆ ಬಂದವನಿಗೆ ಎಲ್ಲ ಸಿಗುತ್ತದೆ. ಇದು ಇರಲೇಬೇಕು. ಆದರೆ ಇದನ್ನು ಮಾಡಿ 'ನಮ್ಮಲ್ಲಿ ಎಲ್ಲ ಎನ್‌ಕ್ರಿಪ್ಟೆಡ್' ಅಂದರೆ ಅದು ಅರ್ಧ ಸತ್ಯ.

ಒಂದೇ ಮಾತಿಗೆ ಒಂದೇ ಗುರುತು

ಕ್ಲೈಂಟ್ ಕಡೆಯಲ್ಲೇ, ಅಂದರೆ ಬಳಸುವವರ ಸಾಧನದಲ್ಲೇ, ಎನ್‌ಕ್ರಿಪ್ಟ್ ಮಾಡಿ, ಸರ್ವರ್‌ಗೆ ಕೀ ಕೊಡದೆ ಹುಡುಕಲು ಅತಿ ಸುಲಭದ ದಾರಿ ಇದು. ಒಂದೇ ಮೌಲ್ಯವನ್ನು ಎಷ್ಟು ಸಲ ಎನ್‌ಕ್ರಿಪ್ಟ್ ಮಾಡಿದರೂ ಒಂದೇ ಅಕ್ಷರಸಾಲು ಬರುವ ಹಾಗೆ ಮಾಡುವುದು. ಹುಡುಕುವಾಗ ಹುಡುಕುವ ಪದವನ್ನೂ ಹಾಗೇ ಎನ್‌ಕ್ರಿಪ್ಟ್ ಮಾಡಿ ಕಳಿಸಿದರೆ ಸರ್ವರ್ ಎರಡನ್ನೂ ಹೊಂದಿಸಿ ನೋಡುತ್ತದೆ. ಇದಕ್ಕೆ ಡಿಟರ್ಮಿನಿಸ್ಟಿಕ್ ಎನ್‌ಕ್ರಿಪ್ಷನ್ ಅನ್ನುತ್ತಾರೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 'ಆಲ್ವೇಸ್ ಎನ್‌ಕ್ರಿಪ್ಟೆಡ್' ಸೌಲಭ್ಯ 2016ರಲ್ಲಿ ಬಂತಲ್ಲ, ಅದರಲ್ಲಿ ಇರುವ ಎರಡು ಬಗೆಗಳಲ್ಲಿ ಇದೂ ಒಂದು. ಕಾಲಮ್‌ನಲ್ಲಿ ಕೆಲವೇ ಮೌಲ್ಯಗಳಿದ್ದರೆ ಊಹಿಸುವುದು ಸುಲಭ ಅಂತ ಅವರ ಕೈಪಿಡಿಯೇ ಎಚ್ಚರಿಸುತ್ತದೆ. ಎಷ್ಟು ಜನ ಆ ಸಾಲನ್ನು ಓದಿರುತ್ತಾರೋ!

ಅದರ ದೌರ್ಬಲ್ಯ ಮೇಲೆ ನೋಡಿದ ರಕ್ತದ ಗುಂಪಿನದ್ದೇ. ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿ ಗುಪ್ತಲಿಪಿ ಒಡೆಯುವ ಉಪಾಯವನ್ನು 9ನೇ ಶತಮಾನದಲ್ಲೇ ಅಲ್ ಕಿಂದಿ ಬರೆದಿಟ್ಟಿದ್ದಾನೆ. ಅದೇ ಹಳೆಯ ಉಪಾಯ ಇವತ್ತಿನ ಡೇಟಾಬೇಸ್ ಮೇಲೂ ನಡೆಯುತ್ತದೆ. 2015ರಲ್ಲಿ ನವೀದ್, ಕಮಾರಾ, ರೈಟ್ ಎಂಬ ಮೂವರು ಸಂಶೋಧಕರು ಅಮೆರಿಕದ 200 ಆಸ್ಪತ್ರೆಗಳ ದಾಖಲೆ ಇಟ್ಟುಕೊಂಡು ಇದನ್ನು ಮಾಡಿ ತೋರಿಸಿದರು. ಸಾರ್ವಜನಿಕವಾಗಿ ಸಿಗುವ ಬೇರೆ ಅಂಕಿಅಂಶಗಳ ಜೊತೆ ಹೋಲಿಸಿಯೇ, ಕೀ ಇಲ್ಲದೆ, ಹಲವು ಕಾಲಮ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಬಿಡಿಸಿದರು. ಅವರ ಕೈಯಲ್ಲಿ ಇದ್ದದ್ದು ಒಂದು ಪ್ರತಿ ಮಾತ್ರ. ಅಂದರೆ ನಮ್ಮ ಮೊದಲ ಬಗೆಯ ಕಳ್ಳನಿಗೂ ಇದು ಸಾಧ್ಯ.

ಹಾಗಾದರೆ ಇದನ್ನು ಬಿಟ್ಟೇ ಬಿಡಬೇಕಾ? ಇಲ್ಲ. ಪ್ರತಿ ಸಾಲಿನಲ್ಲೂ ಬೇರೆ ಬೇರೆ ಮೌಲ್ಯ ಇರುವ ಕಾಲಮ್‌ಗೆ ಇದು ನಡೆಯುತ್ತದೆ. ಇಮೇಲ್ ವಿಳಾಸ, ಫೋನ್ ನಂಬರ್, ಗುರುತಿನ ಚೀಟಿಯ ಸಂಖ್ಯೆ. ಪ್ರತಿಯೊಂದೂ ಒಂದೇ ಸಲ ಬರುವುದರಿಂದ ಎಣಿಸಿ ಪ್ರಯೋಜನವಿಲ್ಲ. ಲಿಂಗ, ವಯಸ್ಸು, ಕಾಯಿಲೆ, ಹೌದು–ಇಲ್ಲ ಅನ್ನುವ ಕಾಲಮ್‌ಗಳಿಗೆ ಇದನ್ನು ಹಚ್ಚಲೇಬೇಡಿ.

ಇದರದ್ದೇ ಇನ್ನೊಂದು ರೂಪ ಬ್ಲೈಂಡ್ ಇಂಡೆಕ್ಸ್. ಅಸಲು ಡೇಟಾವನ್ನು ಪ್ರತಿ ಸಲ ಬೇರೆ ಅಕ್ಷರಸಾಲು ಬರುವ ಹಾಗೆ ಎನ್‌ಕ್ರಿಪ್ಟ್ ಮಾಡಿ, ಪಕ್ಕದಲ್ಲಿ ಹುಡುಕಾಟಕ್ಕೆಂದೇ ಒಂದು ಹ್ಯಾಶ್, ಅಂದರೆ ಅದೇ ಡೇಟಾದಿಂದ ಲೆಕ್ಕ ಹಾಕಿ ಪಡೆದ ಸಣ್ಣ ಗುರುತು, ಇಡುವುದು. ಇಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಫೋನ್ ನಂಬರ್ ಹುಡುಕಲು ಸುಮ್ನೆ ಒಂದು ಹ್ಯಾಶ್ ಕಾಲಮ್ ಸೇರಿಸಿದ್ದೆ, ಕೀ ಇಲ್ಲದ ಮಾಮೂಲಿ ಹ್ಯಾಶ್. ಹ್ಯಾಶ್ ಹಿಂದಕ್ಕೆ ತಿರುಗಿಸಲು ಬರುವುದಿಲ್ಲ ಅಂತ ಧೈರ್ಯ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ನಕ್ಕು, ನಾನು ಮೀಟಿಂಗ್ ಮುಗಿಸಿ ಬರುವಷ್ಟರಲ್ಲಿ ಎಲ್ಲ ನಂಬರ್‌ಗಳನ್ನೂ ಪರದೆ ಮೇಲೆ ಇಟ್ಟಿದ್ದರು. ಹತ್ತು ಅಂಕಿಯ ನಂಬರ್ ಅಂದರೆ ಹೆಚ್ಚೆಂದರೆ 1000 ಕೋಟಿ ಸಾಧ್ಯತೆ. ಒಂದು ಗ್ರಾಫಿಕ್ಸ್ ಕಾರ್ಡ್‌ಗೆ ಅದು ಲೆಕ್ಕಕ್ಕೇ ಇಲ್ಲ. ಹಿಂದಕ್ಕೆ ತಿರುಗಿಸುವುದೇ ಬೇಡ, ಎಲ್ಲವನ್ನೂ ಮುಂದಕ್ಕೆ ಹ್ಯಾಶ್ ಮಾಡಿ ಹೊಂದಿಸಿದರೆ ಮುಗಿಯಿತು. ಆದ್ದರಿಂದ ಗುಟ್ಟಿನ ಕೀ ಸೇರಿಸಿ ಮಾಡುವ ಎಚ್‌ಮ್ಯಾಕ್ ಬಳಸಿ, ಆ ಕೀಯನ್ನು ಡೇಟಾಬೇಸ್ ಇರುವ ಜಾಗದಲ್ಲಿ ಇಡಬೇಡಿ.

ಬ್ಲೈಂಡ್ ಇಂಡೆಕ್ಸ್‌ನಲ್ಲಿ ಒಂದು ಜಾಣತನದ ತಿರುವು ಇದೆ, ನನಗೆ ಬಹಳ ಇಷ್ಟ. ಹ್ಯಾಶ್ ಅನ್ನು ಪೂರ್ತಿ ಇಡದೆ ಕತ್ತರಿಸಿ ಕೆಲವೇ ಬಿಟ್ ಇಡುವುದು. ಆಗ ಬೇರೆ ಬೇರೆ ಹೆಸರುಗಳಿಗೂ ಒಂದೇ ತುಂಡು ಬರುತ್ತದೆ. ನೀವು ಒಂದು ಹೆಸರು ಹುಡುಕಿದರೆ ಅದರ ಜೊತೆ ಬೇಡದ ನಾಲ್ಕಾರು ಸಾಲುಗಳೂ ಬರುತ್ತವೆ. ಬಿಡಿಸಿದ ಮೇಲೆ ನಿಮ್ಮ ಕಡೆಯಲ್ಲೇ ಅವನ್ನು ಎಸೆಯಬಹುದು. ನೋಡುತ್ತಿರುವವನಿಗೆ ಮಾತ್ರ ನಿಜವಾದದ್ದು ಯಾವುದು, ಬರೀ ಜೊತೆಗೆ ಬಂದದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಅಮೆಜಾನ್‌ನ ಡೇಟಾಬೇಸ್ ಎನ್‌ಕ್ರಿಪ್ಷನ್ ಕಿಟ್‌ನಲ್ಲಿ ಇದಕ್ಕೆ 'ಬೀಕನ್' ಅಂತ ಹೆಸರು. ಎಷ್ಟು ಬಿಟ್ ಇಡಬೇಕು ಅನ್ನುವುದರಲ್ಲೇ ಎಲ್ಲ ಇದೆ. ಜಾಸ್ತಿ ಇಟ್ಟರೆ ಸೋರುತ್ತದೆ, ಕಡಿಮೆ ಇಟ್ಟರೆ ಪ್ರತಿ ಹುಡುಕಾಟಕ್ಕೂ ಬೇಡದ ಸಾಲುಗಳ ರಾಶಿ. ಆದರೆ ಒಂದು ಹೆಸರು ಮಾತ್ರ ಸಾವಿರಾರು ಸಲ ಬರುವ ಕಾಲಮ್ ಆದರೆ ಕತ್ತರಿಸಿದರೂ ಅದು ಗುಂಪಿನಲ್ಲಿ ಎದ್ದು ಕಾಣುತ್ತದೆ, ಮರೆಯಬೇಡಿ.

ಹಿರಿದು ಕಿರಿದು ಉಳಿಸುವ ಎನ್‌ಕ್ರಿಪ್ಷನ್: ಬೇಡ

'30ರಿಂದ 40 ವಯಸ್ಸಿನವರು' ಅಂತ ಹುಡುಕಬೇಕಾದರೆ ಸರಿಸಮ ಹೊಂದಿಕೆ ಸಾಲುವುದಿಲ್ಲ. ಅದಕ್ಕೆ 2004ರಲ್ಲಿ ಒಂದು ಉಪಾಯ ಬಂತು: ದೊಡ್ಡ ಸಂಖ್ಯೆ ಎನ್‌ಕ್ರಿಪ್ಟ್ ಆದ ಮೇಲೂ ದೊಡ್ಡದಾಗಿಯೇ ಇರುವ ಹಾಗೆ ಮಾಡುವುದು. ಡೇಟಾಬೇಸ್‌ಗೆ ಖುಷಿ, ಮಾಮೂಲಿ ಇಂಡೆಕ್ಸ್ ಹಾಗೇ ನಡೆಯುತ್ತದೆ. 2011ರಲ್ಲಿ ಎಂಐಟಿಯಿಂದ ಬಂದ ಕ್ರಿಪ್ಟ್‌ಡಿಬಿ ಇಂತಹ ಪದರಗಳನ್ನು ಈರುಳ್ಳಿಯ ಹಾಗೆ ಒಂದರ ಮೇಲೊಂದು ಸುತ್ತಿ, ಬೇಕಾದಾಗ ಸುಲಿಯುತ್ತಿತ್ತು. ಒಮ್ಮೆ ಸುಲಿದ ಪದರದ ಸೋರಿಕೆ ಸೋರಿದ್ದೇ.

ಕಾಲಮ್ ತುಂಬಿಕೊಂಡಿದ್ದರೆ, ಅಂದರೆ 1ರಿಂದ 100ರವರೆಗೆ ಎಲ್ಲ ವಯಸ್ಸಿನವರೂ ಇದ್ದರೆ, ಏರುಕ್ರಮದಲ್ಲಿ ಜೋಡಿಸಿದ ತಕ್ಷಣ ಮೊದಲನೆಯದು 1, ಕೊನೆಯದು 100. ಮುಗಿಯಿತು. ತುಂಬಿಲ್ಲದಿದ್ದರೂ ಎಣಿಕೆ ಮತ್ತು ಕ್ರಮ ಎರಡನ್ನೂ ಸೇರಿಸಿ ಊಹಿಸಬಹುದು. 2017ರಲ್ಲಿ ಗ್ರಬ್ಸ್ ಮತ್ತು ಜೊತೆಗಾರರು ಬಳಕೆಯಲ್ಲಿ ಹೆಚ್ಚಿದ್ದ ಇಂತಹ ಒಂದು ವಿಧಾನವನ್ನು ಹೆಸರುಗಳ ಮೇಲೆ ಪರೀಕ್ಷಿಸಿ, 99% ಮೊದಲ ಹೆಸರುಗಳನ್ನೂ 97% ಕೊನೆಯ ಹೆಸರುಗಳನ್ನೂ ವಾಪಸ್ ಪಡೆದರು. ಇದನ್ನು ಯಾರಾದರೂ ಇವತ್ತು ಹೊಸದಾಗಿ ಮಾರಲು ಬಂದರೆ ಬಾಗಿಲಲ್ಲೇ ಕಳಿಸಿಬಿಡಿ.

ಇಂಡೆಕ್ಸ್‌ಗೂ ಬೀಗ ಹಾಕುವ ದಾರಿ

ಇಲ್ಲಿಂದ ವಿಷಯ ಸ್ವಾರಸ್ಯವಾಗುತ್ತದೆ. 2000ನೇ ಇಸವಿಯಲ್ಲಿ ಬರ್ಕ್ಲಿಯ ಸಾಂಗ್, ವ್ಯಾಗ್ನರ್, ಪೆರಿಗ್ ಎನ್‌ಕ್ರಿಪ್ಟ್ ಆದ ಪಠ್ಯದಲ್ಲಿ ಪದ ಹುಡುಕುವ ದಾರಿ ತೋರಿಸಿದರು. ಆದರೆ ಸರ್ವರ್ ಪ್ರತಿ ದಾಖಲೆಯ ಪ್ರತಿ ಪದವನ್ನೂ ಮುಟ್ಟಬೇಕಿತ್ತು. 2006ರಲ್ಲಿ ಕರ್ಟ್‌ಮೋಲಾ, ಗರಾಯ್, ಕಮಾರಾ, ಒಸ್ಟ್ರೋವ್‌ಸ್ಕಿ ಇಂಡೆಕ್ಸ್ ಕಟ್ಟುವ ರೀತಿ ಬದಲಾಯಿಸಿದರು. ಪದದಿಂದ ದಾಖಲೆಗಳ ಪಟ್ಟಿಗೆ ಹೋಗುವ ಇಂಡೆಕ್ಸ್, ಆದರೆ ಅದೂ ಎನ್‌ಕ್ರಿಪ್ಟೆಡ್. ನೀವು ಒಂದು ಪದಕ್ಕೆ ಟೋಕನ್ (ಕೀ ಬಳಸಿ ಮಾಡಿದ ಗುಪ್ತ ಗುರುತು) ಕಳಿಸುತ್ತೀರಿ, ಆ ಟೋಕನ್ ಆ ಪದದ ಪಟ್ಟಿಯನ್ನು ಮಾತ್ರ ತೆರೆಯುತ್ತದೆ. ಡೇಟಾಬೇಸ್‌ನ ಪ್ರತಿಯನ್ನು ಮಾತ್ರ ಕದ್ದವನಿಗೆ ಇಂಡೆಕ್ಸ್‌ನ ಗಾತ್ರ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ರಕ್ತದ ಗುಂಪಿನ ಕಾಲಮ್ ಕೂಡ ಸುಮ್ಮನೆ ಕೂತಿರುವಾಗ ಏನನ್ನೂ ಹೇಳುವುದಿಲ್ಲ. ಮೊದಲಿನ ದಾರಿಗೆ ಹೋಲಿಸಿದರೆ ಇದು ದೊಡ್ಡ ಜಿಗಿತ.

ಆ ನಾಲ್ವರ ಸಂಶೋಧನಾ ಪ್ರಬಂಧವೇ ಏನು ಸೋರುತ್ತದೆ ಅಂತಲೂ ನೇರವಾಗಿ ಬರೆದಿತ್ತು. ಒಂದು, ಅದೇ ಹುಡುಕಾಟ ಮತ್ತೆ ಬಂದರೆ ಸರ್ವರ್‌ಗೆ ಗೊತ್ತಾಗುತ್ತದೆ. ಎರಡು, ಯಾವ ದಾಖಲೆಗಳು ಹೊಂದಿದವು ಅಂತ ಗೊತ್ತಾಗುತ್ತದೆ. ಇಷ್ಟರಿಂದ ಏನಾಗಿಬಿಡುತ್ತದೆ ಅಂತ ಆಗ ಅನ್ನಿಸಿದ್ದು ಸಹಜ. ಆರು ವರ್ಷದ ಮೇಲೆ ಉತ್ತರ ಬರಲು ಶುರುವಾಯಿತು.

2012ರಲ್ಲಿ ಇಸ್ಲಾಂ, ಕುಜು, ಕಾಂತಾರ್ಜಿಓಗ್ಲು ಎನ್‌ರಾನ್ ಕಂಪನಿಯ ಬಹಿರಂಗವಾದ ಇಮೇಲ್‌ಗಳ ಮೇಲೆ ಪ್ರಯೋಗ ಮಾಡಿದರು. ಎರಡು ಪದಗಳು ಎಷ್ಟು ದಾಖಲೆಗಳಲ್ಲಿ ಜೊತೆಯಾಗಿ ಬರುತ್ತವೆ ಅನ್ನುವ ಅಂದಾಜು ಇದ್ದರೆ, ಟೋಕನ್‌ಗಳ ಹಿಂದಿನ ಪದಗಳನ್ನು ಗುರುತಿಸಬಹುದು ಅಂತ ತೋರಿಸಿದರು. 2015ರಲ್ಲಿ ಕ್ಯಾಶ್ ಮತ್ತು ಜೊತೆಗಾರರು ಇದನ್ನು ಇನ್ನೂ ಸರಳ ಮಾಡಿದರು. ಎಷ್ಟೋ ಪದಗಳಿಗೆ ಸಿಗುವ ಫಲಿತಾಂಶದ ಎಣಿಕೆಯೇ ಬೇರೆ ಯಾವ ಪದಕ್ಕೂ ಇರುವುದಿಲ್ಲ. ನಿಮ್ಮ ಹುಡುಕಾಟಕ್ಕೆ 417 ದಾಖಲೆ ಬಂತು, ಕಳ್ಳನ ಬಳಿ ಇರುವ ದಾಖಲೆಗಳಲ್ಲಿ 417 ಸಲ ಬರುವ ಪದ ಒಂದೇ ಇದೆ, ಅಂದರೆ ನೀವು ಅದನ್ನೇ ಹುಡುಕಿದಿರಿ. ಆ ಒಂದು ಪದ ಸಿಕ್ಕರೆ ಅದರ ಬಾಲ ಹಿಡಿದು ಉಳಿದವು. ಇಲ್ಲಿ ಕಳ್ಳನಿಗೆ ಅಸಲು ದಾಖಲೆಗಳ ಬಹುಭಾಗ ಮೊದಲೇ ಗೊತ್ತಿರಬೇಕು, ಅದು ನಿಜ. ಆದ್ದರಿಂದ ಈ ದಾಳಿಗಳನ್ನು ಕೇಳಿ ಗಾಬರಿಯಾಗುವ ಮೊದಲು, ನಿಮ್ಮ ದಾಖಲೆಗಳಲ್ಲಿ ಎಷ್ಟು ಬೇರೆ ಕಡೆಯೂ ಇವೆ ಅಂತ ಕೇಳಿಕೊಳ್ಳಿ. ಎಲ್ಲರಿಗೂ ಹೋಗುವ ಸುತ್ತೋಲೆ, ಸುದ್ದಿಪತ್ರ, ನಮೂನೆ ಪತ್ರಗಳೇ ತುಂಬಿದ್ದರೆ ಜಾಸ್ತಿ ಗೊತ್ತಿರುತ್ತದೆ. ಖಾಸಗಿ ಟಿಪ್ಪಣಿ ಆದರೆ ಕಡಿಮೆ.

ಮೂರನೇ ಬಗೆಯ ಕಳ್ಳನಿಗೆ ಅದೂ ಬೇಡ. 2016ರಲ್ಲಿ ಜಾಂಗ್, ಕಾಟ್ಜ್, ಪಪಮಾಂತು ತೋರಿಸಿದ ದಾಳಿ ನನ್ನನ್ನು ಒಂದು ದಿನ ಪೂರ್ತಿ ಕಾಡಿತ್ತು, ಅಷ್ಟು ಸರಳ. 10,000 ಪದಗಳಿವೆ ಅಂದುಕೊಳ್ಳಿ. ಕಳ್ಳ 14 ಫೈಲ್ ತಯಾರಿಸುತ್ತಾನೆ. ಪ್ರತಿ ಫೈಲ್‌ನಲ್ಲೂ ಅರ್ಧದಷ್ಟು ಪದಗಳು, ಆದರೆ ಪ್ರತಿ ಸಲ ಬೇರೆ ಅರ್ಧ. ಅವನ್ನು ನಿಮಗೆ ಮೇಲ್ ಮಾಡುತ್ತಾನೆ. ಆಮೇಲೆ ನೀವು ಏನು ಹುಡುಕಿದರೂ ಆ 14ರಲ್ಲಿ ಯಾವ ಯಾವ ಫೈಲ್ ಹೊಂದಿತು ಅಂತ ನೋಡಿದರೆ ಸಾಕು. ಬಂತು, ಬಂದಿಲ್ಲ, ಬಂತು, ಬಂತು: 14 ಉತ್ತರಗಳ ಸಾಲು ಒಂದೇ ಪದವನ್ನು ಬೆರಳು ಮಾಡಿ ತೋರಿಸುತ್ತದೆ. ಒಮ್ಮೆ ಸೇರಿಸಿಟ್ಟ ಫೈಲ್‌ಗಳು ಮುಂದಿನ ಎಲ್ಲ ಹುಡುಕಾಟಕ್ಕೂ ಕೆಲಸ ಮಾಡುತ್ತವೆ.

ಇದಕ್ಕೆ ಪೂರ್ತಿ ಮದ್ದಿಲ್ಲ, ಅರ್ಧ ಮದ್ದಿದೆ. ಫಾರ್ವರ್ಡ್ ಪ್ರೈವಸಿ ಅನ್ನುತ್ತಾರೆ. ಹಿಂದೆ ಕಳಿಸಿದ ಟೋಕನ್‌ಗಳು ಹೊಸದಾಗಿ ಸೇರಿದ ದಾಖಲೆಗೆ ಹೊಂದಬಾರದು ಅನ್ನುವ ಗುಣ. ಇದಿಲ್ಲದಿದ್ದರೆ ನಿನ್ನೆಯ ಹುಡುಕಾಟದ ಟೋಕನ್ ಇಟ್ಟುಕೊಂಡು, ಇವತ್ತು ಫೈಲ್ ಸೇರಿಸಿ, ನಿನ್ನೆ ನೀವು ಏನು ಹುಡುಕಿದಿರಿ ಅಂತ ಇವತ್ತು ಕಂಡುಹಿಡಿಯಬಹುದು. 2016ರಲ್ಲಿ ಬಾಸ್ಟ್ ಕೊಟ್ಟ ವಿಧಾನ ಇದನ್ನು ಬಳಸಲು ಆಗುವಷ್ಟು ವೇಗವಾಗಿ ಮಾಡಿತು. ಅಳಿಸಿದ ದಾಖಲೆ ಮುಂದಿನ ಹುಡುಕಾಟದಲ್ಲಿ ಕಾಣಬಾರದು ಅನ್ನುವುದು ಬ್ಯಾಕ್‌ವರ್ಡ್ ಪ್ರೈವಸಿ. ಯಾವುದೇ ಉತ್ಪನ್ನ ಆಯ್ದುಕೊಳ್ಳುವಾಗ ಈ ಎರಡೂ ಇವೆಯೇ ಅಂತ ಕೇಳಿ. ಉತ್ತರ ತಡವರಿಸಿದರೆ ಇಲ್ಲ ಅಂತಲೇ ಅರ್ಥ.

ಸಂಖ್ಯೆಗಳ ವ್ಯಾಪ್ತಿ ಹುಡುಕಾಟ ಇಲ್ಲೂ ದುರ್ಬಲವೇ. 2016ರಲ್ಲಿ ಕೆಲ್ಲಾರಿಸ್ ಮತ್ತು ಜೊತೆಗಾರರು, ಎಷ್ಟು ಸಾಲು ಹೊರಗೆ ಹೋದವು ಅನ್ನುವ ಎಣಿಕೆ ಒಂದನ್ನೇ ಬಳಸಿ ಇಡೀ ಕಾಲಮ್ ಕಟ್ಟಬಹುದು ಅಂತ ತೋರಿಸಿದರು. ಆಗ ಬೇಕಾಗಿದ್ದ ಹುಡುಕಾಟಗಳ ಸಂಖ್ಯೆ ವಿಪರೀತ. ಎರಡೇ ವರ್ಷದಲ್ಲಿ ಲಾಶಾರಿಟೆ, ಮಿನೋ, ಪ್ಯಾಟರ್ಸನ್ ಅದನ್ನು ಇಳಿಸಿದರು: ಯಾವ ಸಾಲುಗಳು ಹೊರಗೆ ಹೋದವು ಅಂತ ಕಾಣುತ್ತಿದ್ದು, ಮೌಲ್ಯಗಳು ತುಂಬಿಕೊಂಡಿದ್ದರೆ, ನೂರು ಮೌಲ್ಯಗಳ ಕಾಲಮ್‌ಗೆ ನೂರಾರು ಹುಡುಕಾಟ ಸಾಕು. ದಿನವಿಡೀ ಓಡುವ ಡ್ಯಾಶ್‌ಬೋರ್ಡ್‌ಗೆ ಅದು ಎಷ್ಟು ಹೊತ್ತಿನ ಮಾತು, ಅಲ್ವಾ?

ಕೈಗೆ ಸಿಗುವ ಉತ್ಪನ್ನ ಬೇಕು ಅಂದರೆ ಮೊಂಗೋಡಿಬಿ ಡೇಟಾಬೇಸ್‌ನ ಕ್ವೆರಿಯಬಲ್ ಎನ್‌ಕ್ರಿಪ್ಷನ್ ಈ ಗುಂಪಿನದ್ದು. ಸರಿಸಮ ಹುಡುಕಾಟ 2023ರಲ್ಲಿ, ವ್ಯಾಪ್ತಿ ಹುಡುಕಾಟ 2024ರಲ್ಲಿ ಬಳಕೆಗೆ ಬಂತು. ಡಿಟರ್ಮಿನಿಸ್ಟಿಕ್ ಬಗೆಗಿಂತ ಇದು ಖಂಡಿತ ಮೇಲು. ಎರಡನೇ ಬಗೆಯ ಕಳ್ಳ ಇದರ ಮುಂದೆಯೂ ಪೂರ್ತಿ ಕುರುಡನಲ್ಲ, ಅಷ್ಟು ನೆನಪಿರಲಿ.

ಚಿಪ್ ಒಳಗಿನ ಕೋಣೆ

ಇನ್ನೊಂದು ದಾರಿ, ಗಣಿತ ಬಿಟ್ಟು ಹಾರ್ಡ್‌ವೇರ್ ನಂಬುವುದು. ಇಂಟೆಲ್ ಎಸ್‌ಜಿಎಕ್ಸ್ ಥರದ ಎನ್‌ಕ್ಲೇವ್ ಅಂದರೆ ಪ್ರೊಸೆಸರ್ ಒಳಗೆ ಒಂದು ಮುಚ್ಚಿದ ಕೋಣೆ. ಡೇಟಾ ಅಲ್ಲಿ ಮಾತ್ರ ಬಿಚ್ಚಿಕೊಳ್ಳುತ್ತದೆ, ಆಪರೇಟಿಂಗ್ ಸಿಸ್ಟಮ್‌ಗೂ ಕಾಣುವುದಿಲ್ಲ. ಯಾವ ಬಗೆಯ ಹುಡುಕಾಟ ಬೇಕಾದರೂ ಮಾಡಬಹುದು, ವೇಗವೂ ಇದೆ.

ಕೋಣೆ ಮುಚ್ಚಿದ್ದರೂ ಓಡಾಡುವ ಸದ್ದು ಕೇಳಿಸುತ್ತದೆ, ತೊಂದರೆ ಅದು. ಯಾವ ಮೆಮೊರಿ ಪುಟ ಮುಟ್ಟಿತು ಅಂತ ಆಪರೇಟಿಂಗ್ ಸಿಸ್ಟಮ್ ನೋಡಬಲ್ಲದು. 2015ರಲ್ಲೇ ಅಷ್ಟರಿಂದ ಒಳಗಿನ ಪಠ್ಯ ಊಹಿಸಿ ತೋರಿಸಿದರು. 2018ರಲ್ಲಿ ಫೋರ್‌ಶ್ಯಾಡೋ ಎಂಬ ದಾಳಿ ಬಂದು ಕೋಣೆಯ ಗೋಡೆಯನ್ನೇ ಒಡೆಯಿತು. ಹೊಸ ಚಿಪ್ ಬಂದ ಹಾಗೆ ಹೊಸ ತೇಪೆ, ಹೊಸ ತೂತು. ಎನ್‌ಕ್ಲೇವ್ ಆಯ್ದುಕೊಂಡರೆ ಅಪ್‌ಡೇಟ್‌ಗಳ ಹಿಂದೆ ಓಡುವ ಜನ ನಿಮ್ಮಲ್ಲಿ ಇರಬೇಕು.

ಹೆಜ್ಜೆ ಗುರುತನ್ನೂ ಅಳಿಸುವುದು

ಯಾವ ದಾಖಲೆ ಮುಟ್ಟಿದೆ ಅನ್ನುವುದೂ ಕಾಣಬಾರದು ಅಂದರೆ ಓರ್ಯಾಮ್ (ಆಬ್ಲಿವಿಯಸ್ ರ್ಯಾಮ್) ಬೇಕು. 1987ರಲ್ಲಿ ಗೋಲ್ಡ್‌ರೈಖ್ ಶುರು ಮಾಡಿದ ದಾರಿ. ಒಂದನ್ನು ಓದಲು ಹಲವನ್ನು ಓದಿ, ಕಲಸಿ, ಬೇರೆ ಜಾಗದಲ್ಲಿ ಬರೆಯುವುದು. 2013ರ ಪಾಥ್ ಓರ್ಯಾಮ್‌ನಲ್ಲಿ ಹತ್ತು ಲಕ್ಷ ದಾಖಲೆ ಇದ್ದರೆ ಒಂದಕ್ಕಾಗಿ ಸುಮಾರು 80 ಓದಿ 80 ಬರೆಯಬೇಕು. ಇದು ಸೋಮಾರಿತನದಿಂದ ಆದದ್ದಲ್ಲ; ದಾಖಲೆ ಹೆಚ್ಚಿದಂತೆ ಈ ಖರ್ಚು ಲಾಗರಿದಮ್ ಪ್ರಮಾಣಕ್ಕಿಂತ ಇಳಿಯಲಾರದು ಅಂತ 2018ರಲ್ಲಿ ಲಾರ್ಸನ್ ಮತ್ತು ನೀಲ್ಸನ್ ಸಾಧಿಸಿದ್ದಾರೆ. ಇಷ್ಟೆಲ್ಲ ಮಾಡಿದರೂ ಎಷ್ಟು ಫಲಿತಾಂಶ ಬಂತು ಅನ್ನುವ ಎಣಿಕೆ ತಾನಾಗಿ ಮುಚ್ಚುವುದಿಲ್ಲ. ಅದಕ್ಕೆ ಖಾಲಿ ಉತ್ತರ ತುಂಬಿಸಿ ಎಲ್ಲ ಹುಡುಕಾಟವನ್ನೂ ಒಂದೇ ಗಾತ್ರ ಮಾಡಬೇಕು.

ಸಂದೇಶ ಕಳಿಸುವ ಆ್ಯಪ್ ಸಿಗ್ನಲ್ ಇದನ್ನು ಎನ್‌ಕ್ಲೇವ್ ಜೊತೆ ಬೆರೆಸಿದೆ. ನಿಮ್ಮ ಫೋನ್‌ನಲ್ಲಿ ಇರುವ ಯಾವ ನಂಬರ್‌ಗಳು ಸಿಗ್ನಲ್‌ನಲ್ಲಿವೆ ಅಂತ ನೋಡುವ ಹುಡುಕಾಟ ಎಸ್‌ಜಿಎಕ್ಸ್ ಒಳಗೆ ನಡೆಯುತ್ತದೆ, 2022ರಿಂದ ಅದರೊಳಗೆ ಓರ್ಯಾಮ್ ಕೂಡ ಇದೆ. ಒಂದರ ತೂತನ್ನು ಇನ್ನೊಂದರಿಂದ ಮುಚ್ಚುವ ಈ ಜೋಡಣೆ ನನಗೆ ಈ ಪಟ್ಟಿಯಲ್ಲೇ ಅತಿ ಬುದ್ಧಿವಂತಿಕೆಯದ್ದು ಅನ್ನಿಸುತ್ತದೆ. ಎಲ್ಲರ ಕೈಲಾಗುವ ಕೆಲಸ ಅಲ್ಲ.

ಹೋಮೋಮಾರ್ಫಿಕ್ ಎನ್‌ಕ್ರಿಪ್ಷನ್ ಬಗ್ಗೆಯೂ ಕೇಳಿರುತ್ತೀರಿ. ಬೀಗ ತೆಗೆಯದೆಯೇ ಲೆಕ್ಕ ಮಾಡುವ ವಿದ್ಯೆ, 2009ರಲ್ಲಿ ಜೆಂಟ್ರಿ ಮೊದಲ ಸಲ ಪೂರ್ತಿಯಾಗಿ ಸಾಧಿಸಿದ್ದು. ಇಲ್ಲಿ ಒಂದು ವಿಷಯ ಜನ ಮರೆಯುತ್ತಾರೆ. ಓರ್ಯಾಮ್‌ನ ಹಾಗೆ ಜಾಗ ಬದಲಿಸದೆ, ಸರ್ವರ್ ಏನನ್ನೂ ತಿಳಿಯಬಾರದು ಅಂದರೆ ಅದು ಸಾಮಾನ್ಯವಾಗಿ ಪ್ರತಿ ಹುಡುಕಾಟಕ್ಕೂ ಎಲ್ಲ ದಾಖಲೆಗಳನ್ನೂ ಮುಟ್ಟಬೇಕಾಗುತ್ತದೆ. ಯಾವುದನ್ನಾದರೂ ಬಿಟ್ಟರೆ, ಉತ್ತರ ಅದರಲ್ಲಿ ಇಲ್ಲ ಅಂತ ತಿಳಿದ ಹಾಗೆ. ಆದ್ದರಿಂದ ಚಿಕ್ಕ ಪಟ್ಟಿ, ನಿಗದಿತ ಪ್ರಶ್ನೆ ಇರುವ ಕಡೆ ಇದು ಹೊಂದುತ್ತದೆ. ಆಪಲ್ 2024ರಲ್ಲಿ ಐಓಎಸ್ 18ರಲ್ಲಿ ಕರೆ ಮಾಡಿದವರು ಯಾರು ಅಂತ ನೋಡುವ ಸೌಲಭ್ಯಕ್ಕೆ ಇದನ್ನು ಬಳಸಿತು: ಯಾವ ನಂಬರ್ ಕೇಳಿದಿರಿ ಅಂತ ಸರ್ವರ್‌ಗೆ ಗೊತ್ತಾಗುವುದಿಲ್ಲ. ದೊಡ್ಡ ಮೇಲ್‌ಬಾಕ್ಸ್‌ನಲ್ಲಿ ಪದ ಹುಡುಕಲು ಇದನ್ನು ಹಿಡಿದುಕೊಂಡರೆ ಕಾಯುತ್ತಾ ಕೂರಬೇಕಾಗುತ್ತದೆ.

ನಿಮ್ಮ ಸಾಧನದಲ್ಲೇ ಹುಡುಕುವುದು

ಎಲ್ಲರೂ ಕಡೆಗಣಿಸುವ ದಾರಿ ಇದು, ನಾನು ಮೊದಲು ಕೇಳುವುದೂ ಇದನ್ನೇ. ಡೇಟಾ ಸರ್ವರ್‌ನಿಂದ ಇಳಿಸಿಕೊಂಡು, ಬಿಚ್ಚಿ, ಇಂಡೆಕ್ಸ್ ಅನ್ನು ಫೋನ್ ಅಥವಾ ಕಂಪ್ಯೂಟರ್‌ನಲ್ಲೇ ಕಟ್ಟುವುದು. ಪ್ರೋಟಾನ್ ಮೇಲ್ ವೆಬ್‌ನಲ್ಲಿ ಪತ್ರದ ಒಳಗಿನ ಪದ ಹುಡುಕಬೇಕಾದರೆ ಹೀಗೇ ಮಾಡುತ್ತದೆ. ವಾಟ್ಸಾಪ್, ಸಿಗ್ನಲ್ ಸಂದೇಶಗಳ ಹುಡುಕಾಟವೂ ಫೋನ್ ಒಳಗೇ. ಏನು ಹುಡುಕಿದಿರಿ ಅಂತ ಸರ್ವರ್‌ಗೆ ಗೊತ್ತಾಗಲು ದಾರಿಯೇ ಇಲ್ಲ, ಏಕೆಂದರೆ ಪ್ರಶ್ನೆ ಅಲ್ಲಿಗೆ ಹೋಗುವುದೇ ಇಲ್ಲ.

ತೊಂದರೆಗಳು ಬೇರೆ ಬಗೆಯವು. ಹೊಸ ಫೋನ್ ತೆಗೆದುಕೊಂಡರೆ ಮತ್ತೆ ಎಲ್ಲ ಇಳಿಸಬೇಕು. ಇಂಡೆಕ್ಸ್ ಜಾಗ ತಿನ್ನುತ್ತದೆ. ಫೋನ್ ಕಳೆದರೆ ಇಂಡೆಕ್ಸ್ ಕೂಡ ಹೋಗುತ್ತದೆ, ಅದಕ್ಕೂ ಬೀಗ ಇರಬೇಕು. ಒಂದು ಸಣ್ಣ ಬಿರುಕೂ ಇದೆ: ಇಂಡೆಕ್ಸ್ ಮಾತ್ರ ನಿಮ್ಮಲ್ಲಿದ್ದು ಪತ್ರದ ಮೈ ಸರ್ವರ್‌ನಲ್ಲಿ ಇದ್ದರೆ, ಹುಡುಕಿದ ಮೇಲೆ ಯಾವ ಪತ್ರ ತೆರೆದಿರಿ ಅಂತ ಸರ್ವರ್ ನೋಡುತ್ತದೆ.

ಹಾಗಾದರೆ ಯಾವುದು?

ಒಬ್ಬರದ್ದೇ ಡೇಟಾ, ಒಂದು ಸಾಧನದಲ್ಲಿ ಹಿಡಿಸುವಷ್ಟು: ಸಾಧನದಲ್ಲೇ ಹುಡುಕಿ. ಟಿಪ್ಪಣಿ, ಸಂದೇಶ, ಪಾಸ್‌ವರ್ಡ್ ಪಟ್ಟಿ, ಬಹುಪಾಲು ಜನರ ಮೇಲ್‌ಬಾಕ್ಸ್ ಎಲ್ಲ ಇದರಲ್ಲಿ ಬಂತು. ಬೇರೆ ಏನನ್ನೂ ಯೋಚಿಸಬೇಡಿ.

ಹಲವರು ಬಳಸುವ ಆ್ಯಪ್, ಇಮೇಲ್ ಅಥವಾ ಫೋನ್ ನಂಬರ್‌ನಿಂದ ಒಂದು ದಾಖಲೆ ತೆಗೆಯಬೇಕು ಅಷ್ಟೇ: ಕೀ ಇರುವ, ಕತ್ತರಿಸಿದ ಬ್ಲೈಂಡ್ ಇಂಡೆಕ್ಸ್. ಸರಳ, ಇವತ್ತೇ ಶುರು ಮಾಡಬಹುದು. ಡೇಟಾಬೇಸ್‌ನ ಪ್ರತಿಯನ್ನು ಕದ್ದವನ ಎದುರು ಚೆನ್ನಾಗಿ ನಿಲ್ಲುತ್ತದೆ.

ಕಾಯಿಲೆ, ವಯಸ್ಸು, ಸಂಬಳ ಇಂತಹ ಕೆಲವೇ ಮೌಲ್ಯಗಳ ಕಾಲಮ್ ಆದರೆ ಮೊದಲು ಅದರ ಮೇಲೆ ಹುಡುಕಲೇಬೇಕಾ ಅಂತ ಜಗಳ ಮಾಡಿ. ಎಷ್ಟೋ ಸಲ ಬೇಕಾಗಿರುವುದಿಲ್ಲ, ಯಾರೋ ಒಂದು ಫಿಲ್ಟರ್ ಕೇಳಿದ್ದರು ಅಷ್ಟೇ. ರೋಗಿಯ ಸಂಖ್ಯೆಯಿಂದ ದಾಖಲೆ ತಂದು ಉಳಿದದ್ದನ್ನು ಕ್ಲೈಂಟ್‌ನಲ್ಲಿ ಸೋಸಿದರೆ ಆ ಕಾಲಮ್‌ನಿಂದ ಸೋರಿಕೆಯೇ ಇಲ್ಲ. ಬೇಕೇ ಬೇಕು ಅಂದರೆ ಬೀಗ ಹಾಕಿದ ಇಂಡೆಕ್ಸ್‌ನ ದಾರಿ, ವ್ಯಾಪ್ತಿ ಹುಡುಕಾಟ ಎಷ್ಟು ಕಡಿಮೆ ಆದರೆ ಅಷ್ಟು ಒಳ್ಳೆಯದು.

ಲಕ್ಷಾಂತರ ದಾಖಲೆಗಳಲ್ಲಿ ಪದ ಹುಡುಕಬೇಕು, ಹೊರಗಿನವರೂ ದಾಖಲೆ ಕಳಿಸುತ್ತಾರೆ: ಫಾರ್ವರ್ಡ್ ಪ್ರೈವಸಿ ಇರುವ ಇಂಡೆಕ್ಸ್, ಜೊತೆಗೆ ಹೊರಗಿನಿಂದ ಬಂದದ್ದಕ್ಕೆ ಬೇರೆಯೇ ಇಂಡೆಕ್ಸ್. ಪದದ ತುಣುಕುಗಳಿಂದಲೂ ಹುಡುಕುವ ಆಸೆ ಇದ್ದರೆ ತಡೆದುಕೊಳ್ಳಿ. ಮೂರು ಮೂರು ಅಕ್ಷರಗಳ ತುಣುಕಿಗೆಲ್ಲ ಟೋಕನ್ ಮಾಡಿದರೆ ಎಣಿಸುವವನಿಗೆ ಹಬ್ಬ. ಟೈಪ್ ಮಾಡುತ್ತಿದ್ದ ಹಾಗೇ ಸಲಹೆ ತೋರಿಸುವ ಹುಡುಕಾಟ ಇನ್ನೂ ಕೆಟ್ಟದ್ದು, ಒಂದೊಂದು ಅಕ್ಷರಕ್ಕೂ ಒಂದೊಂದು ಟೋಕನ್ ಹೋಗುತ್ತದೆ.

ಯಾರು ಯಾವುದನ್ನು ಹುಡುಕಿದರು ಅನ್ನುವುದೇ ಪ್ರಾಣಕ್ಕೆ ಕುತ್ತು ತರಬಹುದಾದ ಕಡೆ, ಸುದ್ದಿಮೂಲಗಳ ಪಟ್ಟಿ ಅಂತ ಇಟ್ಟುಕೊಳ್ಳಿ, ಓರ್ಯಾಮ್ ಅಥವಾ ಎನ್‌ಕ್ಲೇವ್ ಜೊತೆ ಓರ್ಯಾಮ್. ಅದನ್ನು ಕಟ್ಟಿ ನೋಡಿಕೊಳ್ಳುವ ಜನ ಇಲ್ಲದಿದ್ದರೆ ಆ ಪಟ್ಟಿಯನ್ನು ಸರ್ವರ್ ಮೇಲೆ ಇಡದಿರುವುದೇ ಸರಿ.

ಯಾವುದನ್ನು ಆರಿಸಿದರೂ, ಹಾಕಿದ ವಾರದೊಳಗೆ ಒಂದು ಕೆಲಸ ಮಾಡಿ. ನಿಮ್ಮದೇ ಬ್ಯಾಕಪ್ ಒಂದನ್ನು ಕಳ್ಳನ ಹಾಗೆ ತೆರೆಯಿರಿ. ಬರೀ ಟೇಬಲ್ ನೋಡಬೇಡಿ, ಡೇಟಾಬೇಸ್‌ನ ಲಾಗ್, ಕ್ಯಾಶ್, ನಿಧಾನದ ಕ್ವೆರಿಗಳ ಪಟ್ಟಿ ಎಲ್ಲ ನೋಡಿ. 2017ರಲ್ಲಿ ಗ್ರಬ್ಸ್, ರಿಸ್ಟನ್‌ಪಾರ್ಟ್, ಶ್ಮಾಟಿಕೋವ್ ತೋರಿಸಿದ್ದು ಇದನ್ನೇ: ಪ್ರತಿ ಮಾತ್ರ ಕದ್ದ ಕಳ್ಳ ಅಂತ ನಾವು ಅಂದುಕೊಳ್ಳುವವನ ಕೈಗೆ ಹಳೆಯ ಹುಡುಕಾಟಗಳ ಗುರುತೂ ಸಿಕ್ಕಿರುತ್ತದೆ, ಏಕೆಂದರೆ ಡೇಟಾಬೇಸ್ ಅವನ್ನು ತನ್ನ ಅನುಕೂಲಕ್ಕೆ ಬರೆದಿಟ್ಟಿರುತ್ತದೆ. ಟೋಕನ್ ಲಾಗ್‌ನಲ್ಲಿ ಬಿದ್ದಿದ್ದರೆ ಬೀಗ ಹಾಕಿದ ಇಂಡೆಕ್ಸ್ ಅನ್ನು ಅದೇ ಟೋಕನ್ ಹಿಡಿದು ತೆರೆಯಬಹುದು. ಲಾಗ್ ಬರೆಯುವುದನ್ನು ನಿಲ್ಲಿಸಿ, ಹಳೆಯವನ್ನು ಅಳಿಸಿ. ಆಮೇಲೆ ಆ ಬ್ಯಾಕಪ್‌ನ ಪ್ರತಿ ಕಾಲಮ್‌ನಲ್ಲೂ ಎಷ್ಟು ಬಗೆಯ ಅಕ್ಷರಸಾಲುಗಳಿವೆ ಅಂತ ಎಣಿಸಿ. ಎಂಟೇ ಎಂಟು ಬಂದರೆ ಮತ್ತೆ ವಿನ್ಯಾಸದ ಮೇಜಿಗೆ ಬನ್ನಿ.